ಊದುವ ಪರೀಕ್ಷೆ ಮತ್ತು ಕೋಣೆಯ ಗಾಳಿ

(ಚಿಕ್ಕಮಗಳೂರಿನಲ್ಲಿ ಆಸ್ಪತ್ರೆ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಮತ್ತು ಸಾರ್ವಜನಿಕರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತಿರುವ ಹಲವರು ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯನ್ನು ಮಾಡಿಸಿಕೊಂಡಿರಬಹುದು. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಮೌತ್‌ಪೀಸ್ ಕೊಟ್ಟು, ಎದೆ ತುಂಬ ಉಸಿರೆಳೆದುಕೊಂಡು ಒಂದೇ ಬಾರಿಗೆ ಜೋರಾಗಿ ಊದಿ ಎನ್ನುತ್ತಾರೆ. ಊದುತ್ತಲೇ ಇರಬೇಕು, ಒಳಗೆ ಇನ್ನೇನೂ ಉಳಿದಿಲ್ಲ ಎನಿಸುವವರೆಗೆ. ದಮ್ಮಿನ ಕಾಯಿಲೆ ಇರುವ ಹಿರಿಯರಿಗೆ ಅದು 15 ಸೆಕೆಂಡುಗಳವರೆಗೂ ಹಿಡಿಯುತ್ತದೆ. ಹೀಗೆ ಮೂರು ಬಾರಿ ಸರಿಯಾಗಿ ಊದಬೇಕು, ಅವುಗಳಲ್ಲಿ ಉತ್ತಮವಾದ ಎರಡರ ನಡುವಿನ ವ್ಯತ್ಯಾಸ 150 ಮಿಲಿಲೀಟರ್ ದಾಟಬಾರದು. ಸರಿ ಬಾರದಿದ್ದರೆ ಮತ್ತೆ ಊದಿಸುತ್ತಾರೆ, ಎಂಟು ಬಾರಿಯವರೆಗೆ. ನಡುನಡುವೆ ಕೆಮ್ಮು ಬರುವುದು ಸಾಮಾನ್ಯ.

ಈಗ ಇದೇ ಪರೀಕ್ಷೆಯನ್ನು ಉಸಿರಿನಿಂದ ಹರಡುವ ಸಾಂಕ್ರಾಮಿಕದ ಕಾಲದಲ್ಲಿ ಊಹಿಸಿಕೊಳ್ಳಿ. ಸೋಂಕು ಇದೆಯೋ ಇಲ್ಲವೋ ತಿಳಿಯದ ಒಬ್ಬ ವ್ಯಕ್ತಿಯನ್ನು ಸಣ್ಣ ಕೋಣೆಗೆ ಕರೆದು, ಮಾಸ್ಕ್ ತೆಗೆಸಿ, ಎದೆಯೊಳಗಿನ ಗಾಳಿಯನ್ನೆಲ್ಲ ಬಲವಾಗಿ ಹೊರಹಾಕಿಸುತ್ತೇವೆ. ಅವರು ಹೋದ ಮೇಲೆ ಅದೇ ಕುರ್ಚಿಗೆ ಇನ್ನೊಬ್ಬರು ಬಂದು ಕೂರುತ್ತಾರೆ. ಆ ಇನ್ನೊಬ್ಬರ ಶ್ವಾಸಕೋಶ ಮೊದಲೇ ದುರ್ಬಲ, ಇಲ್ಲದಿದ್ದರೆ ಅವರು ಇಲ್ಲಿಗೆ ಬರುತ್ತಲೇ ಇರಲಿಲ್ಲ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದ ಬೆನ್ನಲ್ಲೇ, ತೀರಾ ಅಗತ್ಯವಿದ್ದವರಿಗೆ ಮಾತ್ರ ಈ ಪರೀಕ್ಷೆ ಮಾಡಿ ಎಂದು ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು ಹೇಳಿದವು. ಆ ಹೊತ್ತಿಗೆ ಅದು ಸರಿಯಾದ ಮಾತೇ ಆಗಿತ್ತು. ಆದರೆ ‘ತೀರಾ ಅಗತ್ಯವಿದ್ದವರಿಗೆ ಮಾತ್ರ’ ಎಂಬುದು ಎಷ್ಟೋ ಕಡೆ ‘ಯಾರಿಗೂ ಬೇಡ’ ಎಂದಾಗಿಬಿಟ್ಟಿತು. ಕೋಣೆಗೆ ಬೀಗ ಬಿತ್ತು, ಯಂತ್ರಕ್ಕೆ ಹೊದಿಕೆ ಬಿತ್ತು, ತಿಂಗಳುಗಟ್ಟಲೆ ಯಾರೂ ತೆಗೆಯಲಿಲ್ಲ. ನಮ್ಮ ಜಿಲ್ಲೆಯಲ್ಲಿ 2020ರ ಮೇ ಮೂರನೆಯ ವಾರದವರೆಗೂ ಒಂದೇ ಒಂದು ಕೋವಿಡ್ ಪ್ರಕರಣ ದಾಖಲಾಗಿರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಸೋಂಕು ಕಾಲಿಡದ ಊರಿಗೂ, ಉಕ್ಕಿ ಹರಿಯುತ್ತಿದ್ದ ಊರಿಗೂ ಒಂದೇ ನಿಯಮ ಹೊಂದುವುದಿಲ್ಲ. ಸುತ್ತಲಿನ ಸೋಂಕಿನ ಮಟ್ಟ ನೋಡಿಕೊಂಡು ಪರೀಕ್ಷೆಯನ್ನು ಹಿಗ್ಗಿಸುವ, ಕುಗ್ಗಿಸುವ ಕ್ರಮವನ್ನು ಯುರೋಪಿನ ತಜ್ಞರು ಮುಂದೆ ಮೂರು ಹಂತಗಳಾಗಿ ವಿಂಗಡಿಸಿ ಬರೆದರು. ಮುಂದಿನ ಸಾಂಕ್ರಾಮಿಕಕ್ಕೆ ನಾವು ಮೊದಲ ದಿನದಿಂದಲೇ ಆ ರೀತಿಯಲ್ಲಿ ಯೋಚಿಸಬೇಕು ಎಂಬುದು ನನ್ನ ಒತ್ತಾಯ.

ಈ ಪರೀಕ್ಷೆ ನಿಂತರೆ ನಮ್ಮ ಸೀಮೆಯಲ್ಲಿ ನಷ್ಟ ಯಾರಿಗೆ? ಗ್ಯಾಸ್ ಸ್ಟೌ ಬಂದ ಮೇಲೂ ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆ ಆರಿಲ್ಲ. ಒದ್ದೆ ಸೌದೆಯ ಹೊಗೆಯಲ್ಲಿ ಮೂವತ್ತು ನಲವತ್ತು ವರ್ಷ ಕಳೆದ ಹೆಂಗಸರು ಒಂದು ಬೀಡಿಯನ್ನೂ ಮುಟ್ಟದೆ ಸಿಒಪಿಡಿಗೆ, ಅಂದರೆ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಕಾಯಿಲೆಗೆ, ತುತ್ತಾಗುತ್ತಾರೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜ ಕೇರುವವರು, ಆರಿಸುವವರು, ಗೋಣಿಚೀಲ ಹೊರುವವರು ಇದ್ದಾರೆ. ಹುರಿಯದ ಕಾಫಿ ಬೀಜದ ದೂಳು ಅಲರ್ಜಿ ತರಿಸಿ ಅಸ್ತಮಾ ಹುಟ್ಟಿಸಬಲ್ಲದು ಎಂಬುದು ದೃಢಪಟ್ಟ ವಿಷಯ. ಪಕ್ಕದ ಹಾಸನ ಜಿಲ್ಲೆಯ ಅರಕಲಗೂಡು ಕಡೆಗೆ ಹೋದರೆ ತಂಬಾಕು ಹದ ಮಾಡುವ ಬ್ಯಾರನ್‌ಗಳು, ಅವುಗಳಿಗೆ ಸೌದೆ ಒಟ್ಟುವವರು. ಇವರೆಲ್ಲರ ಮೇಲೆ ಕ್ಷಯದ ಹಳೆಯ ಗಾಯ ಹೊತ್ತ ಶ್ವಾಸಕೋಶಗಳನ್ನು ಸೇರಿಸಿಕೊಳ್ಳಿ.

ಇವರೆಲ್ಲರೂ ನಮ್ಮಲ್ಲಿಗೆ ಬಂದು ಹೇಳುವ ಮಾತು ಒಂದೇ: ‘ಏರು ಹತ್ತಲು ಆಗುವುದಿಲ್ಲ, ದಮ್ಮು ಬರುತ್ತದೆ.’ ಸ್ಟೆತಾಸ್ಕೋಪ್ ಒಂದರಿಂದ ಇದು ಅಸ್ತಮಾವೋ, ಸಿಒಪಿಡಿಯೋ, ಶ್ವಾಸಕೋಶ ಗಟ್ಟಿಯಾಗುತ್ತಿರುವ ಕಾಯಿಲೆಯೋ, ಹೃದಯದ ತೊಂದರೆಯೋ ಎಂದು ಎಷ್ಟೋ ಬಾರಿ ತೀರ್ಮಾನಿಸಲು ಬರುವುದಿಲ್ಲ. ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲೇ ಎಷ್ಟು ಪಾಲು ಹೊರಬಂತು ಎಂಬ ಒಂದು ಲೆಕ್ಕ ಬಹಳಷ್ಟು ಹೇಳುತ್ತದೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಆ ಪಾಲು ಶೇಕಡಾ 70ಕ್ಕಿಂತ ಕಡಿಮೆ ಇದ್ದರೆ ಶ್ವಾಸನಾಳಗಳಲ್ಲಿ ಅಡಚಣೆ ಉಳಿದಿದೆ ಎಂದರ್ಥ. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದು ಪ್ರಕಟಿಸಿದ ಕಾಲದಿಂದ ಇಂದಿನವರೆಗೆ ಊದಿಸಿ ಅಳೆಯುವ ಈ ಕ್ರಮಕ್ಕೆ ಬದಲಿ ಸಿಕ್ಕಿಲ್ಲ. ಪರೀಕ್ಷೆ ಇಲ್ಲದೆ ಅಂದಾಜಿನ ಮೇಲೆ ಇನ್ಹೇಲರ್ ಬರೆದುಕೊಟ್ಟರೆ, ಕೂಲಿಯ ದುಡ್ಡಿನಲ್ಲಿ ಅದನ್ನು ಕೊಳ್ಳುವವರು ತಮ್ಮದಲ್ಲದ ಕಾಯಿಲೆಗೆ ವರ್ಷಗಟ್ಟಲೆ ಹಣ ಸುರಿಯುತ್ತಾರೆ. ನಿಜವಾದ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಆದ್ದರಿಂದ ಸೋಂಕು ಹೆಚ್ಚಿರುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಈ ವ್ಯಕ್ತಿಗೆ ಈ ಪರೀಕ್ಷೆ ಇಂದೇ ಬೇಕೇ? ಶ್ವಾಸಕೋಶದ ಕ್ಯಾನ್ಸರಿಗೆ ಒಂದು ಭಾಗ ಕತ್ತರಿಸಿ ತೆಗೆಯಬೇಕಿದ್ದರೆ, ಉಳಿದ ಭಾಗ ಸಾಕಾಗುತ್ತದೆಯೇ ಎಂದು ತಿಳಿಯದೆ ಶಸ್ತ್ರಚಿಕಿತ್ಸಕರು ಕೈ ಹಾಕುವಂತಿಲ್ಲ. ಬ್ಲಿಯೋಮೈಸಿನ್‌ನಂಥ ಕ್ಯಾನ್ಸರ್ ಔಷಧಿ ಪಡೆಯುತ್ತಿರುವವರಲ್ಲಿ ಶ್ವಾಸಕೋಶಕ್ಕೆ ಹಾನಿ ಆಗುತ್ತಿದೆಯೇ ಎಂದು ನೋಡುತ್ತಿರಬೇಕು. ಕಾರಣ ತಿಳಿಯದ ಏದುಸಿರು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ ಕಾಯುವಂತಿಲ್ಲ. ಇವರಿಗೆ ಸಾಂಕ್ರಾಮಿಕದ ನಡುವೆಯೂ ಬಾಗಿಲು ತೆರೆದಿರಲೇಬೇಕು. ಉದ್ಯೋಗದ ಪ್ರಮಾಣಪತ್ರ, ವಿಮೆಯ ಕಾಗದ, ಹತೋಟಿಯಲ್ಲಿರುವ ಅಸ್ತಮಾದ ವಾರ್ಷಿಕ ತಪಾಸಣೆ ಇವು ಕಾಯಬಹುದು. ಅಸ್ತಮಾ ಇರುವ, ಇಲ್ಲವೇ ಅದರ ಶಂಕೆ ಇರುವವರಿಗೆ ಊದಿದ ಗಾಳಿಯ ಗರಿಷ್ಠ ವೇಗ ತೋರಿಸುವ ಒಂದು ಪೀಕ್ ಫ್ಲೋ ಮೀಟರ್ ಕೊಟ್ಟರೆ, ಬೆಳಿಗ್ಗೆ ಸಂಜೆ ಮನೆಯಲ್ಲೇ ಊದಿ ಎರಡು ವಾರ ಬರೆದಿಡಬಹುದು. ದಿನದೊಳಗಿನ ಏರಿಳಿತದ ಸರಾಸರಿ ವಯಸ್ಕರಲ್ಲಿ ಶೇಕಡಾ 10 ದಾಟಿದರೆ ಅದು ಅಸ್ತಮಾದತ್ತ ಬೆರಳು ತೋರಿಸುತ್ತದೆ. ಮೀಟರ್ ಒಬ್ಬರದು ಇನ್ನೊಬ್ಬರಿಗೆ ಬೇಡ. ಟ್ರೆಡ್‌ಮಿಲ್ ಮೇಲೆ ಓಡಿಸುವ ಪರೀಕ್ಷೆ, ಕಫ ಬರಿಸುವ ವಿಧಾನ, ಶ್ವಾಸನಾಳವನ್ನು ಕೆರಳಿಸಿ ನೋಡುವ ಪರೀಕ್ಷೆ, ಇವನ್ನೆಲ್ಲ ಸೋಂಕು ಇಳಿಯುವವರೆಗೆ ಮುಂದೂಡುವುದೇ ಲೇಸು.

ಹಿಂದಿನ ದಿನ ಫೋನ್ ಮಾಡಿ ವಿಚಾರಿಸಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಜ್ವರ ಇದೆಯೇ, ಕೆಮ್ಮು ಇದೆಯೇ, ಸೋಂಕಿತರ ಜೊತೆ ಇದ್ದಿರಾ? ನಮ್ಮ ರೋಗಿಗಳಿಗೆ ಕೆಮ್ಮು ಇದ್ದೇ ಇದೆ, ಅದಕ್ಕಾಗಿಯೇ ಬರುತ್ತಿದ್ದಾರೆ. ಹಾಗಾಗಿ ‘ಇಷ್ಟು ದಿನ ಇದ್ದ ಕೆಮ್ಮೇ ಇದು, ಅಥವಾ ಈ ವಾರ ಏನಾದರೂ ಬೇರೆ ಥರ ಆಗಿದೆಯೇ’ ಎಂದು ಕೇಳಬೇಕು. ಕಳಸ, ಶೃಂಗೇರಿ ಕಡೆಯ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅಲ್ಲಿ ಈ ಪ್ರಶ್ನೆ ಕೇಳಬಲ್ಲವರು ಆಶಾ ಕಾರ್ಯಕರ್ತೆಯರೇ. ದೂರದಿಂದ ಬಂದವರನ್ನು ಗೇಟಿನಲ್ಲಿ ತಡೆದು ವಾಪಸ್ ಕಳಿಸುವುದು ಅವರ ಒಂದು ದಿನದ ಕೂಲಿಯನ್ನೂ ಬಸ್ ದುಡ್ಡನ್ನೂ ಕಿತ್ತುಕೊಂಡಂತೆ. ಮನೆ ಬಿಡುವ ಮೊದಲೇ ತೀರ್ಮಾನವಾಗಬೇಕು. ಕೋವಿಡ್ ಪರೀಕ್ಷೆಯ ವರದಿ ನೆಗೆಟಿವ್ ಬಂದಿದೆ ಎಂದು ಎಚ್ಚರಿಕೆ ಸಡಿಲಿಸುವುದೂ ಬೇಡ. ಆ ವರದಿ ಹೇಳುವುದು ಮಾದರಿ ತೆಗೆದ ಹೊತ್ತಿನ ಸ್ಥಿತಿಯನ್ನು ಮಾತ್ರ.

ಈಗ ಕೋಣೆಯ ವಿಷಯ. ಇದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ನಾವು ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷಿಸಿದ್ದು ಇದನ್ನೇ.

2020ರಲ್ಲಿ ನಾವೆಲ್ಲ ಮೇಜು ಒರೆಸಿದೆವು, ಬಾಗಿಲ ಹಿಡಿ ಒರೆಸಿದೆವು, ತರಕಾರಿ ತೊಳೆದೆವು. ವೈರಸ್ ಮುಖ್ಯವಾಗಿ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ ಮೂಲಕ ಹರಡುತ್ತದೆ ಎಂಬುದು ಸ್ಪಷ್ಟವಾಗುವ ಹೊತ್ತಿಗೆ ಎರಡನೆಯ ಅಲೆ ಬಂದಿತ್ತು. ಬಚ್ಚಲ ಒಲೆಯ ಹೊಗೆ ಹೇಗೆ ಸೌದೆ ಎಳೆದ ಮೇಲೂ ಮೂಲೆಮೂಲೆಯಲ್ಲಿ ನಿಂತಿರುತ್ತದೋ ಹಾಗೆಯೇ ಈ ಕಣಗಳೂ ಉಸಿರು ಬಿಟ್ಟವರು ಎದ್ದುಹೋದ ಮೇಲೂ ಕೋಣೆಯಲ್ಲಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕಣ್ಣು ಉರಿಯುವುದೂ ಇಲ್ಲ, ಹಾಗಾಗಿ ಕೋಣೆ ಶುದ್ಧವಾಗಿದೆ ಎಂದುಕೊಳ್ಳುತ್ತೇವೆ.

ಎಷ್ಟು ಹೊತ್ತು ಇರುತ್ತವೆ ಎಂಬುದಕ್ಕೆ ಲೆಕ್ಕವಿದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 1000 ಘನ ಅಡಿ ಗಾಳಿ ಇರುತ್ತದೆ. ಎಕ್ಸಾಸ್ಟ್ ಫ್ಯಾನ್ ನಿಮಿಷಕ್ಕೆ 100 ಘನ ಅಡಿ ಗಾಳಿಯನ್ನು ಹೊರಗೆ ತಳ್ಳಿದರೆ, ಕೋಣೆಯ ಗಾಳಿ ಗಂಟೆಗೆ 6 ಬಾರಿ ಬದಲಾದಂತೆ. ಆ ವೇಗದಲ್ಲಿ ತೇಲುವ ಕಣಗಳಲ್ಲಿ ಶೇಕಡಾ 99ರಷ್ಟು ಹೊರಹೋಗಲು 46 ನಿಮಿಷ ಬೇಕು. ಫ್ಯಾನ್ ಅದಕ್ಕೆ ದುಪ್ಪಟ್ಟು ಬಲದ್ದಾಗಿದ್ದು ಗಂಟೆಗೆ 12 ಬಾರಿ ಬದಲಾಯಿಸಿದರೆ 23 ನಿಮಿಷ ಸಾಕು. ಕಿಟಕಿ ಮುಚ್ಚಿ ಬಾಗಿಲ ಸಂದಿಯಿಂದ ಮಾತ್ರ ಗಾಳಿಯಾಡುವ ಕೋಣೆಯಲ್ಲಿ ಗಂಟೆಗೆ ಎರಡು ಬಾರಿ ಬದಲಾದರೂ ಹೆಚ್ಚೇ, ಅಲ್ಲಿ 138 ನಿಮಿಷ ಕಾಯಬೇಕು. ಇದೂ ಗಾಳಿ ಎಲ್ಲ ಕಡೆ ಚೆನ್ನಾಗಿ ಬೆರೆಯುತ್ತದೆ ಎಂದು ಇಟ್ಟುಕೊಂಡ ಲೆಕ್ಕ. ಬೀರುವಿನ ಹಿಂದೆ, ಮೂಲೆಯಲ್ಲಿ ಗಾಳಿ ನಿಂತಿದ್ದರೆ ಇನ್ನೂ ತಡವಾಗುತ್ತದೆ. ‘ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎಷ್ಟು ಹೊತ್ತು ಬಿಡಬೇಕು’ ಎಂದು ಕೇಳುವ ಟೆಕ್ನೀಷಿಯನ್‌ಗಳಿಗೆ ನನ್ನ ಉತ್ತರ ಇಷ್ಟೇ: ಟೇಪು ಹಿಡಿದು ಕೋಣೆ ಅಳೆಯಿರಿ, ಫ್ಯಾನಿನ ಮೇಲೆ ಬರೆದಿರುವ ಅಂಕಿ ಓದಿ, ಅದು ಗಂಟೆಗೆ ತಳ್ಳುವ ಗಾಳಿಯನ್ನು ಕೋಣೆಯ ಗಾತ್ರದಿಂದ ಭಾಗಿಸಿ.

ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನ್ ಬರೀ ಸದ್ದು ಮಾಡುತ್ತದೆ. ಅದರ ಎದುರು ಬದಿಯಲ್ಲಿ ಒಂದು ಕಿಟಕಿ ಇಲ್ಲವೇ ಬಾಗಿಲ ಕೆಳಗೆ ಜಾಲರಿ ಇರಬೇಕು. ಹೊರಹೋದ ಗಾಳಿ ಜನ ಸರದಿ ಕಾಯುವ ಕಾರಿಡಾರಿಗೆ ಬೀಳಬಾರದು. ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ, ಇದ್ದ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ. ಹಳೆಯ ಸರ್ಕಾರಿ ಕಟ್ಟಡಗಳನ್ನು ಕಟ್ಟಿದವರು ಎತ್ತರದ ಮಾಡು, ಎದುರುಬದುರು ಕಿಟಕಿ, ಗೋಡೆಯ ಮೇಲ್ಭಾಗದಲ್ಲಿ ವೆಂಟಿಲೇಟರ್ ಇಟ್ಟಿದ್ದರು. ಎ.ಸಿ. ಹಾಕುವಾಗ ಆ ವೆಂಟಿಲೇಟರ್‌ಗಳಿಗೆ ಪ್ಲೈವುಡ್ ಬಡಿದು ಮುಚ್ಚಿದ್ದನ್ನು ಎಷ್ಟೋ ಕಟ್ಟಡಗಳಲ್ಲಿ ನೋಡುತ್ತೇನೆ. ದಯವಿಟ್ಟು ಆ ಹಲಗೆಗಳನ್ನು ಕೀಳಿಸಿ. ಖರ್ಚಿಲ್ಲದೆ ಸಿಗುವ ರಕ್ಷಣೆ ಅದು.

ಮಲೆನಾಡಿನಲ್ಲಿ ಇದಕ್ಕೆ ಎದುರಾಳಿ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ, ಕೊಪ್ಪದಲ್ಲಿ ಕಿಟಕಿ ತೆರೆದಿಡಿ ಎಂದರೆ ಎರಚಲಿಗೆ ಯಂತ್ರವೇ ನೆನೆಯುತ್ತದೆ. ಕಿಟಕಿಯ ಮೇಲೆ ಅಗಲವಾದ ಶೀಟು ಇಳಿಸಿ ಮೇಲಿನ ಪಟ್ಟಿಯನ್ನಾದರೂ ತೆರೆದಿಡಬಹುದು. ಅದೂ ಆಗದಿದ್ದರೆ ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧೀಕರಣ ಯಂತ್ರ ಬೇಕು. ಹೆಪಾ ಪದರ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯುತ್ತದೆ. ಆಗಲೇ ಹೇಳಿದ ಹತ್ತು ಅಡಿಯ ಕೋಣೆಗೆ ಗಂಟೆಗೆ ಸುಮಾರು 340 ಘನ ಮೀಟರ್ ಶುದ್ಧ ಗಾಳಿ ಕೊಡುವ ಯಂತ್ರ ಇಟ್ಟರೆ 12 ಬಾರಿ ಬದಲಾಯಿಸಿದಷ್ಟೇ ಫಲ ಸಿಗುತ್ತದೆ. ಕರೆಂಟ್ ಹೋದರೆ ಫ್ಯಾನ್, ಈ ಯಂತ್ರ ಎರಡೂ ನಿಲ್ಲುತ್ತವೆ, ಆಗ ಊದಿಸುವುದನ್ನೂ ನಿಲ್ಲಿಸಬೇಕು. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದನ್ನು ಕೋಣೆಯಲ್ಲಿಟ್ಟರೆ ಗಾಳಿಯಾಟದ ಅಂದಾಜು ಸಿಗುತ್ತದೆ. ಬಯಲಿನಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ, ತೋರಿಸುತ್ತದೆ. ಕೋಣೆಯಲ್ಲಿ ಇಬ್ಬರೇ ಇರುವಾಗ 800 ದಾಟುತ್ತಿದ್ದರೆ ಗಾಳಿಯಾಟ ಸಾಲದು. ಹೆಪಾ ಯಂತ್ರ ಕಣಗಳನ್ನು ಹಿಡಿಯುತ್ತದೆ, ಈ ಅನಿಲವನ್ನಲ್ಲ, ಹಾಗಾಗಿ ಅದರ ಕೆಲಸವನ್ನು ಈ ಮೀಟರ್ ತೋರಿಸುವುದಿಲ್ಲ.

ಫಿಲ್ಟರ್ ಬಗ್ಗೆ ಒಂದಿಷ್ಟು. ಮೌತ್‌ಪೀಸ್ ಮತ್ತು ಯಂತ್ರದ ನಡುವೆ ಬ್ಯಾಕ್ಟೀರಿಯಾ ಹಾಗೂ ವೈರಸ್ ಹಿಡಿಯುವ ಫಿಲ್ಟರ್ ಇರಲೇಬೇಕು. ಅದು ಜೋರಾದ ಊದುವಿಕೆಯಲ್ಲೂ, ಅಂದರೆ ನಿಮಿಷಕ್ಕೆ 600ರಿಂದ 700 ಲೀಟರ್ ಹರಿವಿನಲ್ಲೂ, ಕೆಲಸ ಮಾಡುತ್ತದೆ ಎಂದು ತಯಾರಕರು ಲಿಖಿತವಾಗಿ ಹೇಳಿರಬೇಕು. ಕೃತಕ ಉಸಿರಾಟದ ವೆಂಟಿಲೇಟರ್ ಯಂತ್ರಕ್ಕೆಂದು ಮಾಡಿದ ಫಿಲ್ಟರನ್ನು ತಂದು ಸಿಕ್ಕಿಸಿದರೆ ಆ ಭರವಸೆ ಇರುವುದಿಲ್ಲ. ಒಬ್ಬರಿಗೆ ಒಂದೇ ಫಿಲ್ಟರ್. ದುಬಾರಿ ಎಂದು ಮೌತ್‌ಪೀಸ್ ಮಾತ್ರ ಬದಲಾಯಿಸಿ ಫಿಲ್ಟರನ್ನು ಉಳಿಸಿಕೊಳ್ಳುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಮುಂದಿನವರು ಅದೇ ನಳಿಗೆಯಿಂದ ಉಸಿರನ್ನು ಒಳಗೂ ಎಳೆದುಕೊಳ್ಳುತ್ತಾರೆ. ಫಿಲ್ಟರ್ ಹಾಕಿದಾಗ ಉಸಿರಿಗೆ ಅಲ್ಪ ತಡೆ ಉಂಟಾಗುತ್ತದೆ, ಆದ್ದರಿಂದ ನಿಖರವಾಗಿ 3 ಲೀಟರ್ ಗಾಳಿ ತಳ್ಳುವ ಸಿರಿಂಜ್‌ನಿಂದ ಯಂತ್ರವನ್ನು ಸರಿಹೊಂದಿಸುವಾಗಲೂ ಫಿಲ್ಟರ್ ಇರಬೇಕು. ಸುರಕ್ಷತೆಗಾಗಿ ಏನನ್ನೋ ಸೇರಿಸಿ ಅಳತೆಯನ್ನೇ ಕೆಡಿಸಿಕೊಂಡರೆ ಪರೀಕ್ಷೆ ಮಾಡಿ ಏನು ಬಂತು?

ಟೆಕ್ನೀಷಿಯನ್‌ಗಳೇ, ರೋಗಿಯ ಎದುರು ನಿಲ್ಲಬೇಡಿ, ಪಕ್ಕದಲ್ಲಿ ಸ್ವಲ್ಪ ಹಿಂದೆ ನಿಲ್ಲಿ. ಹೊರಗಿನಿಂದ ಬರುವ ಗಾಳಿ ಮೊದಲು ನಿಮ್ಮನ್ನು ಮುಟ್ಟಿ, ಆಮೇಲೆ ರೋಗಿಯನ್ನು ದಾಟಿ, ಫ್ಯಾನಿನ ಕಡೆ ಹೋಗುವಂತೆ ಕುರ್ಚಿ ಇಡಿ. ಎನ್95 ಮಾಸ್ಕ್ ಅಂಚಿನಲ್ಲಿ ಗಾಳಿ ನುಸುಳುತ್ತಿದ್ದರೆ ಅದು ಎನ್95 ಆಗಿ ಉಳಿಯುವುದಿಲ್ಲ, ಗಡ್ಡ ಬಿಟ್ಟವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹೇಗೆ ಊದಬೇಕು ಎಂದು ತೋರಿಸಲು ನಿಮ್ಮ ಮಾಸ್ಕ್ ಇಳಿಸಬೇಡಿ. ಮೊಬೈಲಿನಲ್ಲಿ ಕನ್ನಡದ ವಿಡಿಯೊ ಮಾಡಿಟ್ಟುಕೊಂಡು, ಹೊರಗೆ ಜಗಲಿಯಲ್ಲಿ ಕುಳಿತಿರುವಾಗಲೇ ತೋರಿಸಿ. ಮೊದಲೇ ಅರ್ಥವಾದವರು ಎಂಟು ಬಾರಿ ಊದಬೇಕಾದಲ್ಲಿ ಮೂರು ಬಾರಿಗೆ ಮುಗಿಸುತ್ತಾರೆ. ಮಾಸ್ಕ್ ಇಲ್ಲದೆ ಕಳೆಯುವ ಹೊತ್ತನ್ನು ಕಡಿಮೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕೆಮ್ಮು ಬಂದರೆ ಮೌತ್‌ಪೀಸ್ ಬಿಡದೆ ಫಿಲ್ಟರಿನೊಳಗೇ ಕೆಮ್ಮಲು ಹೇಳಿ. ‘ಊದಿ, ಊದಿ, ಇನ್ನೂ ಊದಿ’ ಎಂದು ಹುರಿದುಂಬಿಸದಿದ್ದರೆ ಜನ ಪೂರ್ತಿ ಊದುವುದಿಲ್ಲ, ಅದು ಬೇಕೇ ಬೇಕು. ಆದರೆ ಮಾಸ್ಕ್ ಹಾಕಿಕೊಂಡೇ ಹೇಳಿ, ಕೈಸನ್ನೆಯನ್ನೂ ಬಳಸಿ.

ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟು ಮತ್ತೆ ಊದಿಸಬೇಕಾದಾಗ ಔಷಧಿಯನ್ನು ಮಂಜಿನಂತೆ ಹಾರಿಸುವ ನೆಬ್ಯುಲೈಸರ್ ಬೇಡ. ಇನ್ಹೇಲರ್‌ಗೆ ಅವರವರದೇ ಸ್ಪೇಸರ್ (ಔಷಧಿ ಹಿಡಿದಿಡುವ ಟೊಳ್ಳು ನಳಿಗೆ) ಜೋಡಿಸಿ 100 ಮೈಕ್ರೋಗ್ರಾಂನ ನಾಲ್ಕು ಪಫ್ ಕೊಟ್ಟರೆ ಸಾಕು. ಆಮೇಲಿನ 15 ನಿಮಿಷಗಳನ್ನು ಅವರು ಮಾಸ್ಕ್ ಧರಿಸಿ ಹೊರಗಿನ ಗಾಳಿಯಲ್ಲಿ ಕಳೆಯಲಿ. ಒರೆಸುವ ಕೆಲಸ ನಿಮಗೆಲ್ಲ ಗೊತ್ತೇ ಇದೆ: ಕುರ್ಚಿಯ ಕೈ, ಮೇಜು, ಯಂತ್ರದ ಹಿಡಿ, ಯಂತ್ರಕ್ಕೆ ಯಾವ ದ್ರಾವಣ ಹೊಂದುತ್ತದೆ ಎಂಬುದನ್ನು ಅದರ ಕೈಪಿಡಿ ನೋಡಿ ಬಳಸಿ. ಕಾಗದದ ಮೌತ್‌ಪೀಸ್ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕೆಂಪು ಚೀಲಕ್ಕೆ.

ಕೋವಿಡ್ ಬಂದುಹೋದವರು ಯಾವಾಗ ಊದಬಹುದು? ಸೋಂಕು ತಗುಲಿ ಕನಿಷ್ಠ 30 ದಿನ ಕಳೆಯಲಿ. ಆಸ್ಪತ್ರೆ ಸೇರಿ ಆಮ್ಲಜನಕ ಪಡೆದವರಲ್ಲಿ ಮೂರು ತಿಂಗಳ ನಂತರವೂ ಏದುಸಿರು ಉಳಿದಿದ್ದರೆ ಸ್ಪೈರೋಮೆಟ್ರಿ ಒಂದೇ ಸಾಲದು. ಅದು ಸರಿಯಾಗಿಯೇ ಬಂದು, ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಶಕ್ತಿ ಮಾತ್ರ ಕುಗ್ಗಿರಬಹುದು. ಅದನ್ನು ಅಳೆಯಲು ಅತ್ಯಲ್ಪ ಕಾರ್ಬನ್ ಮೊನಾಕ್ಸೈಡ್ ಬೆರೆಸಿದ ಗಾಳಿಯನ್ನು ಎಳೆದುಕೊಂಡು 10 ಸೆಕೆಂಡು ಉಸಿರು ಹಿಡಿಯುವ ಇನ್ನೊಂದು ಪರೀಕ್ಷೆ ಇದೆ. ‘ವರದಿ ನಾರ್ಮಲ್ ಇದೆ, ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎಂದು ಅಂಥವರನ್ನು ಮನೆಗೆ ಕಳಿಸುವುದು ಅನ್ಯಾಯ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತು ಎಂದಿತು. ಅದರೊಂದಿಗೆ ಅನೇಕ ಕಡೆ ಕಿಟಕಿಗಳೂ ಮುಚ್ಚಿಕೊಂಡವು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲಿದ್ದಾರೆ, ಕ್ಷಯ ಹರಡುವುದೂ ಇದೇ ಗಾಳಿಯಿಂದ. ಎರಡು ವಾರ ದಾಟಿದ ಕೆಮ್ಮಿನೊಂದಿಗೆ ಬಂದವರ ಕಫ ಪರೀಕ್ಷೆ ಆಗುವ ಮೊದಲೇ ಊದಿಸುವುದು ಕೋವಿಡ್ ಇಲ್ಲದ ಕಾಲದಲ್ಲೂ ತಪ್ಪೇ. ನಾನು ಇಷ್ಟು ಹೊತ್ತು ಹೇಳಿದ ಗಾಳಿಯ ಲೆಕ್ಕ ಇಂದಿಗೂ, ಈ ವಾರಕ್ಕೂ ಅನ್ವಯಿಸುತ್ತದೆ.

ಮಾತು ಮುಗಿಸುವ ಹೊತ್ತಿಗೆ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ಕೇಳಿದರು: ‘ಡಾಕ್ಟರೇ, ಎಸ್ಟೇಟಿನ ಲೈನ್ ಮನೆಗಳ ಕೂಲಿಯವರು ಆಸ್ಪತ್ರೆಗೆ ಬರುವುದಿಲ್ಲ. ಯಂತ್ರವನ್ನೇ ನಮ್ಮೂರ ಶಾಲೆಗೆ ತಂದು ಕ್ಯಾಂಪ್ ಮಾಡಿದರೆ ಆಗುತ್ತದೆಯೇ?’

ಆಗುತ್ತದೆ ತಾಯಿ, ಆದರೆ ತರಗತಿಯ ಕೋಣೆಯಲ್ಲಿ ಬೇಡ, ಶಾಲೆಯ ಜಗಲಿಯಲ್ಲಿ ಮಾಡಿ. ಬಯಲು ಗಾಳಿಯಷ್ಟು ದೊಡ್ಡ ಎಕ್ಸಾಸ್ಟ್ ಯಾವ ಆಸ್ಪತ್ರೆಯಲ್ಲೂ ಇಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಕಾಯುವವರನ್ನು ಆ ಕಡೆ ದೂರದೂರ ಕೂರಿಸಿ, ಊದುವವರನ್ನು ಇನ್ನೊಂದು ತುದಿಯಲ್ಲಿ ಕೂರಿಸಿ. ಯಂತ್ರದ ಸೆನ್ಸರ್ ಅನ್ನು ಸೊನ್ನೆಗೆ ಹೊಂದಿಸುವಾಗ ಬೀಸುವ ಗಾಳಿ ಅದಕ್ಕೆ ತಾಗಬಾರದು, ಕೈ ಅಡ್ಡ ಹಿಡಿಯಿರಿ. ಜೀಪಿನಲ್ಲಿ ಕುಲುಕಿಕೊಂಡು ಬಂದ ಯಂತ್ರವನ್ನು ಅಲ್ಲೇ ಮತ್ತೊಮ್ಮೆ 3 ಲೀಟರ್ ಸಿರಿಂಜ್‌ನಿಂದ ಪರೀಕ್ಷಿಸಬೇಕು. ಅದಕ್ಕೆ ಮುಂಚೆ ಯಂತ್ರವನ್ನೂ ಸಿರಿಂಜನ್ನೂ ಅರ್ಧ ಗಂಟೆ ಜಗಲಿಯಲ್ಲೇ ಬಿಟ್ಟು ಒಂದೇ ತಾಪಮಾನಕ್ಕೆ ಬರಲು ಬಿಡಿ. ಎದೆಯಿಂದ 37 ಡಿಗ್ರಿಯಲ್ಲಿ ಹೊರಬರುವ ಉಸಿರು ತಣ್ಣನೆಯ ಗಾಳಿಯಲ್ಲಿ ಕುಗ್ಗುತ್ತದೆ, ಯಂತ್ರ ಅದನ್ನು ಲೆಕ್ಕಹಾಕಿ ಸರಿಪಡಿಸಬೇಕಾದರೆ ಅಲ್ಲಿನ ತಾಪಮಾನ ಅದಕ್ಕೆ ಸರಿಯಾಗಿ ಗೊತ್ತಿರಬೇಕು. ಜನವರಿಯ ಚಳಿಯಲ್ಲಿ 17 ಡಿಗ್ರಿ ದಾಟುವವರೆಗೆ ಕಾದು, ಬಿಸಿಲೇರಿದ ಮೇಲೆ ಶುರು ಮಾಡಿ. ಕಾಫಿ ಕುಯಿಲಿನ ಸಮಯವಾದರೆ ಭಾನುವಾರ ಇಟ್ಟುಕೊಳ್ಳಿ, ಆ ದಿನ ಕೂಲಿ ತಪ್ಪುವುದಿಲ್ಲ. ತಲೆ ಎಣಿಸಿ, ಅಷ್ಟು ಫಿಲ್ಟರ್‌ಗಳ ಮೇಲೆ ಇನ್ನೂ ಕೆಲವನ್ನು ಹೆಚ್ಚಿಗೆ ಕಳಿಸಲು ನಮಗೆ ಹೇಳಿ.